ಹತ್ತು ಮೊಳ ಹೆಚ್ಚಿಗೆ

ರಾಯಪ್ಪನೆಂದು ಹೆಸರಿಟ್ಟಿದ್ದೆವು, ಅವನ ಅಜ್ಜನದು.
ನೀರ ಮೇಲೆ ನಾಲ್ಕು ಹೆಜ್ಜೆ ನಡೆದು, ಹೆದರಿ, ಮುಳುಗಿ,
ಕೂಗಿದ ಕೂಡಲೇ ಕೈ ಸಿಕ್ಕಿತಲ್ಲ ಆ ಮೀನುಗಾರನಿಗೆ,
ಅವನ ಹೆಸರು.
ನಮ್ಮವನೂ ಕೂಗಿದನಂತೆ.
ಪಾಂಡವಪುರದ ಕಡೆಯಿಂದ ಬರುತ್ತಿದ್ದ ಹಾಲಿನ ವ್ಯಾನಿನವನು
ಒಂದು ಸಲ ಕೇಳಿಸಿತು ಅಂದ, ಎರಡು ಸಲ ಅಂದ,
ಆಮೇಲೆ ಪೊಲೀಸರ ಮುಂದೆ ಏನೂ ಕೇಳಿಸಲಿಲ್ಲ ಅಂದ.

ಆ ತಿರುವಿನಲ್ಲಿ ನಾಲೆಗೆ ತಡೆಗೋಡೆ ಇರಲಿಲ್ಲ.
ಕಟ್ಟೆಯಿಂದ ನೀರು ಬಿಟ್ಟು ಎಂಟು ದಿನ.
ಬೈಕಿನ ಲೈಟು ನೀರೊಳಗೂ ಸ್ವಲ್ಪ ಹೊತ್ತು ಉರಿಯಿತಂತೆ.
ಇದನ್ನು ಯಾರು ಹೇಳಿದರೋ, ಯಾಕೆ ಹೇಳಿದರೋ.

ಹುಡುಕಲಿಕ್ಕೆ ಮೂರು ದಿನ ತೂಬು ಇಳಿಸಿದರು.
ಕೆಳಗಿನ ಊರುಗಳಲ್ಲಿ ನಾಟಿಯ ಹೊತ್ತು,
ಪೈರಿನ ಕಟ್ಟು ಬದುವಿನ ಮೇಲೆ ಬಾಡುತ್ತ ಬಿದ್ದಿತ್ತು.
ಒಬ್ಬರೂ ಗೊಣಗಲಿಲ್ಲ.
"ನೀರು ನಾಳಿಕೂ ಬತ್ತದೆ, ಮಗ ಸಿಗ್ಲಿ ಬುಡಕ್ಕ" ಅಂದಳು
ಮೇಲ್ಬೀದಿಯ ಸಾಕಮ್ಮ,
ಮುದ್ದೆಯ ಬುಟ್ಟಿ ನನ್ನ ಪಕ್ಕ ಇಟ್ಟು.

ಮಣ್ಣಿನ ದಿನ ಸ್ವಾಮಿಗಳು ಹೇಳಿದರು:
ಎಲ್ಲಕ್ಕೂ ಒಂದು ಉದ್ದೇಶವಿದೆ.
ಒಳ್ಳೆಯವರು. ನಮ್ಮ ಪಡಸಾಲೆಯಲ್ಲಿ ಅವರೂ ಅತ್ತವರೇ.
ಆದರೆ ಆ ಮಾತು ಚಪ್ಪಲಿಯೊಳಗಿನ ಕಲ್ಲಾಗಿ
ಮನೆಯವರೆಗೂ ಬಂತು ನನ್ನೊಡನೆ.

ಅಂದಿನಿಂದ ಇನ್ನಾಸಪ್ಪ ದೇವಾಲಯದ ಮೆಟ್ಟಿಲು ತುಳಿದಿಲ್ಲ.
ಭಾನುವಾರದ ಗಂಟೆ ಹೊಡೆವಾಗ
ತಿರುವಿನ ಹೊಂಗೆಮರದ ಹತ್ತಿರ ಹೋಗುತ್ತಾನೆ.
ಅಲ್ಲೊಂದು ಟ್ರ್ಯಾಕ್ಟರಿನ ಹಳೇ ಟ್ಯೂಬು, ಉದ್ದ ಹಗ್ಗ.
ಗಂಟು ಬಿಚ್ಚಿ ನೋಡುತ್ತಾನೆ, ಮತ್ತೆ ಕಟ್ಟುತ್ತಾನೆ.
ಮೊದಲನೆಯ ಹಗ್ಗ ಯಾರೋ ಎಮ್ಮೆ ಕಟ್ಟಲು ಒಯ್ದರು.
ಎರಡನೆಯದು ಬಿಸಿಲಿಗೆ ಪಿಸಿಯಿತು.
ಮೂರನೆಯದಕ್ಕೆ ನಾನಂದೆ, ಹುಚ್ಚು ನಿನಗೆ.
ಹಲ್ಲಲ್ಲಿ ಗಂಟು ಬಿಗಿಯುತ್ತಿದ್ದ, ಮಾತಾಡಲಿಲ್ಲ.

ನಾನು ಪೂಜೆಗೆ ಹೋಗುತ್ತೇನೆ, ಸೆರಗು ಹೊದ್ದು, ಎಡಗಡೆ ಸಾಲಿಗೆ.
ಎಲ್ಲರೊಡನೆ ತಂದೆಯನ್ನು ಕರೆಯುತ್ತೇನೆ.
ಚಿತ್ತ ಎಂಬ ಮಾತಿನ ಹತ್ತಿರ ಬಂದಾಗ
ನಾಲಿಗೆ ತೂಬಿನ ಹಲಗೆಯಂತೆ ಇಳಿದುಬಿಡುತ್ತದೆ.

ಹೋದ ಆಷಾಢದಲ್ಲಿ ಆ ಹಗ್ಗ ಒಬ್ಬ ಹುಡುಗಿಯನ್ನು ಎಳೆದು ತಂತು.
ಇಟ್ಟಿಗೆಗೂಡಿನವರ ಮಗು, ಬಟ್ಟೆ ಜಾಲಿಸಲು ಬಂದು ಜಾರಿದವಳು.
ನಾವಿಬ್ಬರೂ ಅಲ್ಲಿರಲಿಲ್ಲ.
ಅಂಗಡಿಯಲ್ಲಿ ಬೆಲ್ಲ ಕಟ್ಟಿಸುವಾಗ ಕಿವಿಗೆ ಬಿತ್ತು.
"ನೋಡು ಲೂರ್ದಮ್ಮ, ಇದಕ್ಕೇ ಇರಬೇಕು"
ಅಂದಳು ಚೌರಮ್ಮ, ನನ್ನ ಕೈ ಅದುಮಿ.

ಇಲ್ಲ ದೇವರೇ. ಇದನ್ನು ನಾನು ಒಪ್ಪುವುದಿಲ್ಲ.
ದನದ ಸಂತೆಯ ದಲ್ಲಾಳಿಯಂತೆ
ಟವಲಿನಡಿಯಲ್ಲಿ ಬೆರಳು ಹಿಡಿದು
ಅದಕ್ಕಿದು ಸರಿಹೋಯಿತು ಅನ್ನುವವನಲ್ಲ ನೀನು.
ಅನ್ನುವವನಾದರೆ ನನಗೆ ಬೇಡ.
ನಿನ್ನ ಮಗನೂ ಕೂಗಿದನಲ್ಲ, ನಡುಹಗಲು ಕತ್ತಲಾದಾಗ.
ಹಾಲಿನ ವ್ಯಾನಿನವನ ಹಾಗೆ ನೀನೂ
ಕೇಳಿಸಲಿಲ್ಲ ಅಂದೆಯಾ?
ಕೇಳಿಸಿತ್ತು. ಕೇಳಿಸಿಯೂ ಸುಮ್ಮನಿದ್ದುದರ ಸಂಕಟ
ನಿನಗೆ ಗೊತ್ತಿದೆ.
ಸದ್ಯಕ್ಕೆ ಅಷ್ಟನ್ನು ನಂಬಿದ್ದೇನೆ.

ನಾಲ್ಕು ದಿನ ಬಿಟ್ಟು ಹುಡುಗಿಯನ್ನು ಅಜ್ಜಿ ಕರೆತಂದಳು.
ಹೊಸಿಲಾಚೆ ನಿಂತಿದ್ದರು. ಒಳಗೆ ಕರೆದೆ.
ಆರು ವರ್ಷ ಬೋರಲಿದ್ದ ರಾಯಪ್ಪನ ತಟ್ಟೆ ತೊಳೆದು
ಅನ್ನ ಬಡಿಸಿದೆ.
ಉಣ್ಣಲು ಕೈ ಬಿಚ್ಚಿದಾಗ ಕಂಡಿತು,
ಎರಡೂ ಅಂಗೈಯಲ್ಲಿ ಹಗ್ಗ ಕೊರೆದ ಗಾಯ, ಇನ್ನೂ ಕೆಂಪು.
ಸಾರು ತಾಗಿ ಸ್ಸ್ ಎಂದಳು.
ಇನ್ನಾಸಪ್ಪ ಎದ್ದು ಹಿತ್ತಲಿಗೆ ಹೋದ.
ಬಹಳ ಹೊತ್ತು ನಲ್ಲಿ ಸುರಿಯುವ ಸದ್ದು.

ಉದ್ದೇಶ ತಿಳಿಯಿತೆಂದು ಹೇಳಲಾರೆ.
ಈಗಲೂ ಆ ಮಾತಿನ ಹತ್ತಿರ ನಿಲ್ಲುತ್ತೇನೆ,
ಅಕ್ಕಪಕ್ಕದವರ ದನಿ ನನ್ನನ್ನು ದಾಟಿ ಹೋಗುತ್ತದೆ.
ಅನ್ನ ಕೇಳುವಲ್ಲಿಗೆ ಅವರು ಮುಟ್ಟುವಾಗ
ಓಡಿ ಸೇರಿಕೊಳ್ಳುತ್ತೇನೆ.

ಮುಂದಿನ ವಾರ ಕಟ್ಟೆಯಿಂದ ನೀರು ಬಿಡುತ್ತಾರಂತೆ.
ಮಂಡ್ಯದ ಪೇಟೆಬೀದಿಯ ಹಗ್ಗದಂಗಡಿಯಲ್ಲಿ
ಅವನು ಅಳೆಸುತ್ತಿದ್ದ, ನಾನು ತುದಿ ಹಿಡಿದುಕೊಂಡಿದ್ದೆ.
ಸಾಕಾ, ಅಂದ ಅಂಗಡಿಯವನು.
ಹತ್ತು ಮೊಳ ಹೆಚ್ಚಿಗಿರಲಿ, ಅಂದೆ.